ಸೇವ್ ಒತ್ತುವ ಮೊದಲು

“ನಾನೇ ಬಂದು ಹೆಸರು ಸರಿ ಮಾಡಿಸಿ ಹೋಗಿದ್ದೆನಲ್ಲ, ಅದನ್ನು ಅಳಿಸಿದವರು ಯಾರು?”

2022ರ ಜುಲೈ ತಿಂಗಳ ಒಂದು ಸಂಜೆ ನಮ್ಮ ಓಣಿಯ ತಾಯಿಯೊಬ್ಬರು ನನ್ನ ಮುಂದೆ ನಿಂತು ಕೇಳಿದ ಪ್ರಶ್ನೆ ಇದು. ಅವರ ಕೈಯಲ್ಲಿ ಬ್ಯಾಂಕಿನವರು ವಾಪಸು ಕೊಟ್ಟ ಚೆಕ್ಕಿತ್ತು. ನಾನು ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. “ನೋಡಿ ಆಪಾ, ಇಲ್ಲಿ ಹಳೆಯ ಹೆಸರೇ ಇದೆ. ತಿದ್ದಿದ ಗುರುತೇ ಇಲ್ಲ. ನೀವು ಬೇರೆ ಎಲ್ಲಿಯೋ ಬರೆಸಿರಬೇಕು” ಎಂದೆ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಏನೂ ಹೇಳದೆ ಚೆಕ್ಕನ್ನು ಮಡಿಸಿ ಪರ್ಸಿಗೆ ಹಾಕಿಕೊಂಡು ಹೊರಟುಹೋದರು.

ಅವರು ಸುಳ್ಳು ಹೇಳಿರಲಿಲ್ಲ. ಕಂಪ್ಯೂಟರ್ ಕೂಡ ತನ್ನಲ್ಲಿ ಇದ್ದದ್ದನ್ನೇ ತೋರಿಸಿತ್ತು. ತಪ್ಪು ಆ ಪ್ರೋಗ್ರಾಮ್ ಬರೆದವನದು. ಬರೆದವನು ನಾನು.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಮನೆ ಇರುವುದು ತಣಿಸಂದ್ರದಲ್ಲಿ, ನಾಗವಾರದಿಂದ ಹೆಗಡೆನಗರದ ಕಡೆಗೆ ಹೋಗುವ ಮುಖ್ಯರಸ್ತೆಯ ಒಂದು ಒಳ ಓಣಿಯಲ್ಲಿ. ಒಂದು ಕಡೆ ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳು. ಇನ್ನೊಂದು ಕಡೆ ಶೀಟು ಹೊದಿಸಿದ ಮನೆಗಳು, ಗ್ಯಾರೇಜುಗಳು, ಟೈಲರ್ ಅಂಗಡಿಗಳು. ನಾನು ಬೆಳಿಗ್ಗೆ ಆ ಗಾಜಿನ ಕಟ್ಟಡಗಳ ಕಡೆಗೆ ಕೆಲಸಕ್ಕೆ ಹೋಗಿ, ರಾತ್ರಿ ಈ ಓಣಿಗೆ ಮರಳುವವನು. ಓಣಿಯಲ್ಲಿ ನಾವು ಆರೇಳು ಜನ ಸೇರಿ ಪ್ರತಿ ವರ್ಷ ಒಂದಷ್ಟು ಮಕ್ಕಳ ಕಾಲೇಜು ಶುಲ್ಕಕ್ಕೆ ಹಣ ಹೊಂದಿಸುತ್ತೇವೆ. ದೊಡ್ಡ ಸಂಸ್ಥೆಯೇನಲ್ಲ, ಬೋರ್ಡೂ ಇಲ್ಲ. ಮೊದಲು ಎಲ್ಲ ಲೆಕ್ಕವೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಮಕ್ಕಳ ಸಂಖ್ಯೆ ಹೆಚ್ಚಾದಾಗ, “ಇದನ್ನು ಕಂಪ್ಯೂಟರಿಗೆ ಹಾಕೋಣ, ಎರಡು ಭಾನುವಾರದ ಕೆಲಸ” ಎಂದು ನಾನು ಉತ್ಸಾಹದಿಂದ ಹೇಳಿದೆ. ನಿಜಕ್ಕೂ ಎರಡೇ ಭಾನುವಾರದಲ್ಲಿ ಮುಗಿಸಿದೆ. ಆ ಹೆಮ್ಮೆಯೂ ನನಗಿತ್ತು.

ಆ ತಾಯಿಯ ಮಗಳು ಆ ವರ್ಷ ಪಿಯುಸಿ ಮುಗಿಸಿ ಡಿಪ್ಲೊಮಾ ಕೋರ್ಸಿಗೆ ಸೀಟು ಪಡೆದಿದ್ದಳು. ಅವಳ ಹೆಸರಿನಲ್ಲಿ ಫಾತಿಮಾ ಎಂಬ ಪದವಿದೆ. ಉರ್ದುವಿನಲ್ಲಿ ಇದನ್ನು ಬರೆಯಲು ಒಂದೇ ದಾರಿ. ಕನ್ನಡಕ್ಕೆ ಬಂದಾಗ ಫಾತಿಮಾ, ಫಾತಿಮ, ಪಾತಿಮಾ ಎಂದು ಮೂರಾಗುತ್ತದೆ. ಇಂಗ್ಲಿಷಿಗೆ ಹೋದಾಗ ‘ಟಿ’ ಆದ ಮೇಲೆ ‘ಹೆಚ್’ ಇರಬೇಕೋ ಬೇಡವೋ ಎಂಬುದು ಬರೆಯುವ ಗುಮಾಸ್ತರ ಮರ್ಜಿ. ನಮ್ಮ ಮನೆಗಳಲ್ಲಿ ಈ ಕಷ್ಟ ಅನುಭವಿಸದವರು ಯಾರಿದ್ದಾರೆ? ನನ್ನ ಮನೆಯಲ್ಲೇ ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಎಂದು ಅಣ್ಣತಮ್ಮಂದಿರ ಕಾಗದಗಳು ಮೂರು ದಾರಿ ಹಿಡಿದಿವೆ. ಆ ಹುಡುಗಿಗೆ ಶಾಲೆಯ ಅಂಕಪಟ್ಟಿಯಲ್ಲಿ ‘ಹೆಚ್’ ಇತ್ತು, ಬ್ಯಾಂಕ್ ಖಾತೆಯಲ್ಲಿ ಇರಲಿಲ್ಲ. ನಾವು ಅಂಕಪಟ್ಟಿ ನೋಡಿ ನಮೂದಿಸಿದ್ದೆವು. ಅದಕ್ಕೇ ತಾಯಿ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದು, “ಚೆಕ್ಕಿಗೆ ಈ ಹೆಸರು ಹಾಕಿ” ಎಂದು ತಿದ್ದಿಸಿದ್ದರು. ಆದರೂ ಚೆಕ್ಕು ಹಳೆಯ ಹೆಸರಿಗೇ ಹೋಯಿತು. ಬ್ಯಾಂಕು ಒಪ್ಪಲಿಲ್ಲ. ಶುಲ್ಕ ಕಟ್ಟಲು ಉಳಿದದ್ದು ಎರಡೇ ದಿನ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ತಾಯಿ ಹೊರಟ ರೀತಿ ಮನಸ್ಸಿನಲ್ಲಿ ಕೂತಿತ್ತು. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಎದ್ದು ಲ್ಯಾಪ್‌ಟಾಪ್ ತೆರೆದೆ. ನಾನು ದಿನಕ್ಕೆರಡು ಸಲ, ಮಧ್ಯಾಹ್ನ ಒಂದಕ್ಕೆ ಮತ್ತು ರಾತ್ರಿ ಹನ್ನೊಂದಕ್ಕೆ, ಮಾಹಿತಿಯ ಒಂದು ನಕಲು ತನ್ನಷ್ಟಕ್ಕೆ ತೆಗೆದಿಡುವಂತೆ ಏರ್ಪಾಡು ಮಾಡಿದ್ದೆ. ಆ ತಾಯಿ ಬಂದಿದ್ದೇನೆ ಎಂದ ದಿನದ ಎರಡೂ ನಕಲುಗಳನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ. ಮಧ್ಯಾಹ್ನದ ನಕಲಿನಲ್ಲಿ ಹುಡುಗಿಯ ಹೆಸರು ಸರಿಯಾಗಿತ್ತು, ‘ಹೆಚ್’ ಇರಲಿಲ್ಲ. ಫೋನ್ ನಂಬರು ಹಳೆಯದು. ರಾತ್ರಿಯ ನಕಲಿನಲ್ಲಿ ಹೆಸರು ಮತ್ತೆ ಹಳೆಯದು, ಫೋನ್ ನಂಬರು ಹೊಸದು.

ಆಗ ನಡೆದದ್ದು ಬಿಚ್ಚಿಕೊಂಡಿತು. ಬೆಳಿಗ್ಗೆ ಹತ್ತೂವರೆಗೆ ನಮ್ಮ ಜೊತೆಯ ಹುಡುಗನೊಬ್ಬ ಫೋನ್ ನಂಬರು ಬದಲಾದ ಮಕ್ಕಳ ಪಟ್ಟಿ ಹಿಡಿದು, ಒಬ್ಬೊಬ್ಬರ ಪುಟವನ್ನೂ ಸಾಲಾಗಿ ತೆರೆದಿಟ್ಟುಕೊಂಡಿದ್ದ. ಯಾವುದೋ ಕರೆ ಬಂದು ಎದ್ದುಹೋದ. ಹನ್ನೊಂದೂಕಾಲಿಗೆ ತಾಯಿ ಬಂದರು. ಇನ್ನೊಬ್ಬರು ಬೇರೆ ಕಂಪ್ಯೂಟರಿನಲ್ಲಿ ಹೆಸರು ತಿದ್ದಿ ಉಳಿಸಿದರು. ಸಂಜೆ ನಾಲ್ಕೂವರೆಗೆ ಹುಡುಗ ಮರಳಿ ಬಂದು, ಬೆಳಿಗ್ಗೆ ತೆರೆದಿಟ್ಟಿದ್ದ ಪುಟದಲ್ಲಿ ಫೋನ್ ನಂಬರು ಮಾತ್ರ ಬದಲಿಸಿ ‘ಸೇವ್’ ಒತ್ತಿದ. ಅವನ ಪುಟದಲ್ಲಿದ್ದ ಹೆಸರು ಬೆಳಿಗ್ಗೆ ಹತ್ತೂವರೆಯ ಹೆಸರು. ನನ್ನ ಪ್ರೋಗ್ರಾಮು ಅವನು ಮುಟ್ಟಿದ್ದು ಯಾವುದು, ಮುಟ್ಟದ್ದು ಯಾವುದು ಎಂದು ಕೇಳಲೇ ಇಲ್ಲ. ಇಡೀ ಪುಟವನ್ನು ಎತ್ತಿ ಕಡತದ ಮೇಲೆ ಒರೆಸಿಬಿಟ್ಟಿತು.

ಯಾರೂ ಅಳಿಸಿರಲಿಲ್ಲ. ಆದರೂ ಹೆಸರು ಅಳಿದುಹೋಗಿತ್ತು.

ಈ ಕಸುಬಿನ ಹೊರಗಿನವರಿಗೆ ಒಂದೆರಡು ಮಾತು. ಕಂಪ್ಯೂಟರಿನಲ್ಲಿ ಮಾಹಿತಿ ಕೂರುವುದು ಕೋಷ್ಟಕಗಳಲ್ಲಿ, ಅಂದರೆ ಸಾಲು ಮತ್ತು ಕಂಬಗಳಲ್ಲಿ. 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞ ಹಾಕಿಕೊಟ್ಟ ದಾರಿ ಅದು. ಆದರೆ ಪ್ರೋಗ್ರಾಮ್ ಬರೆಯುವ ನಾವು ಸಾಲುಕಂಬಗಳಲ್ಲಿ ಯೋಚಿಸುವುದಿಲ್ಲ. ‘ವಿದ್ಯಾರ್ಥಿ’ ಎಂದರೆ ನಮಗೆ ಒಂದು ಇಡೀ ವಸ್ತು, ಅದಕ್ಕೆ ಹೆಸರು, ವಿಳಾಸ, ಫೋನು ಎಂಬ ಗುಣಗಳು. ಈ ಎರಡು ಲೋಕಗಳ ನಡುವೆ ನಿಂತು, ಸಾಲನ್ನು ವಸ್ತುವಾಗಿ, ವಸ್ತುವನ್ನು ಸಾಲಾಗಿ ಅನುವಾದಿಸಿಕೊಡುವ ದುಭಾಷಿ ಒಬ್ಬ ಬೇಕು. ಅವನಿಗೆ ಆಬ್ಜೆಕ್ಟ್ ರಿಲೇಶನಲ್ ಮ್ಯಾಪರ್ ಎಂದು ಹೆಸರು, ಚಿಕ್ಕದಾಗಿ ಓಆರ್‌ಎಂ. ಜಾವಾ ಬಳಸುವವರಿಗೆ ಗ್ಯಾವಿನ್ ಕಿಂಗ್ 2001ರಲ್ಲಿ ಆರಂಭಿಸಿದ ಹೈಬರ್ನೇಟ್ ಇದೆ. ಪೈಥಾನ್ ಬಳಸುವವರಿಗೆ ಜ್ಯಾಂಗೊ ಎಂಬುದರ ಒಳಗೇ ಇಂಥ ದುಭಾಷಿ ಇದ್ದಾನೆ. ನಾನು ಬಳಸಿದ್ದು ಇದನ್ನೇ.

ಒಳ್ಳೆಯ ದುಭಾಷಿ ತಾನು ಕೇಳಿದ್ದನ್ನು ನೆನಪಿಟ್ಟುಕೊಳ್ಳುತ್ತಾನೆ. ಹೈಬರ್ನೇಟ್ ಒಂದು ಸಾಲನ್ನು ಓದಿ ವಸ್ತುವಾಗಿ ಕೊಡುವಾಗಲೇ ಅದರ ಒಂದು ನಕಲನ್ನು ಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಉಳಿಸುವ ಹೊತ್ತಿಗೆ ವಸ್ತುವನ್ನು ಆ ನಕಲಿನೊಂದಿಗೆ ಹೋಲಿಸಿ, ಏನೂ ಬದಲಾಗಿಲ್ಲದಿದ್ದರೆ ಸುಮ್ಮನಿರುತ್ತದೆ. ಬದಲಾಗಿದ್ದರೆ ಬರೆಯುತ್ತದೆ. ಆದರೆ ಬೇರೆ ಸೂಚನೆ ಕೊಡದ ಹೊರತು, ಬದಲಾದ ಒಂದು ಕಂಬಕ್ಕಾಗಿ ಇಡೀ ಸಾಲಿನ ಕಂಬಗಳನ್ನು ಬರೆಯುವುದು ಅದರ ರೂಢಿ. ರೂಬಿ ಭಾಷೆಯ ರೈಲ್ಸ್ 2008ರ ತನ್ನ ಆವೃತ್ತಿಯಿಂದ ಯಾವ ಗುಣ ಬದಲಾಗಿದೆ, ಮೊದಲು ಏನಿತ್ತು ಎಂದು ಕೇಳಿದರೆ ಹೇಳುತ್ತದೆ, ಬದಲಾದದ್ದನ್ನಷ್ಟೇ ಬರೆಯುವುದನ್ನೂ ಕಲಿತಿದೆ. ಜ್ಯಾಂಗೊದ ದುಭಾಷಿಗೆ ಈ ನೆನಪಿಲ್ಲ. ‘ಉಳಿಸು’ ಎಂದರೆ ಇದ್ದ ಎಲ್ಲ ಕಂಬಗಳನ್ನೂ ಬರೆಯುತ್ತದೆ. ಇಂತಿಂಥ ಕಂಬಗಳನ್ನು ಮಾತ್ರ ಬರೆ ಎಂದು ಹೇಳುವ ಸೌಲಭ್ಯ 2013ರಿಂದ ಇದೆ, ಆದರೆ ಯಾವುವು ಎಂದು ನಾವೇ ಹೇಳಬೇಕು. ನಾನು ಹೇಳಿರಲಿಲ್ಲ.

ಬದಲಾಗಿಯೂ ಇನ್ನೂ ಉಳಿಯದ ವಸ್ತುವನ್ನು ನಮ್ಮ ಕಸುಬಿನಲ್ಲಿ ‘ಡರ್ಟಿ’ ಎನ್ನುತ್ತಾರೆ, ಕೊಳೆಯಾದದ್ದು ಎಂದು. ಅದನ್ನು ಪತ್ತೆ ಹಚ್ಚುವುದಕ್ಕೆ ‘ಡರ್ಟಿ ಚೆಕಿಂಗ್’. ಈ ಹೆಸರು ನನಗೆ ಯಾವತ್ತೂ ಹಿಡಿಸಿಲ್ಲ. ತಾಯಿಯೊಬ್ಬಳು ಬಂದು ಮಗಳ ಹೆಸರು ಸರಿಪಡಿಸಿದರೆ ಅದರಲ್ಲಿ ಕೊಳೆ ಏನು ಬಂತು? ‘ಕೈ ಮುಟ್ಟಿದ್ದು’ ಎನ್ನಬಹುದಿತ್ತು.

ಸರಿ, ರೋಗ ಗೊತ್ತಾಯಿತು, ಮದ್ದು ಸುಲಭ ಎಂದುಕೊಂಡೆ. ಉಳಿಸುವ ಮೊದಲು ಕಡತದಿಂದ ಆ ಸಾಲನ್ನು ಮತ್ತೊಮ್ಮೆ ಓದುವುದು, ಪುಟದಲ್ಲಿ ಬಂದದ್ದರೊಂದಿಗೆ ಹೋಲಿಸುವುದು, ವ್ಯತ್ಯಾಸ ಇರುವುದನ್ನು ಮಾತ್ರ ಬರೆಯುವುದು. ಹತ್ತು ಸಾಲು ಬರೆದು, ಆ ದಿನದ ಘಟನೆಯನ್ನೇ ಮತ್ತೆ ನಡೆಸಿ ನೋಡಿದೆ. ಹೆಸರು ಮತ್ತೆ ಅಳಿಯಿತು!

ಯಾಕೆ ಎಂದು ಅರ್ಥವಾಗಲು ಒಂದು ಲೋಟ ಚಹಾ ಬೇಕಾಯಿತು. ಸಂಜೆ ನಾಲ್ಕೂವರೆಗೆ ಕಡತದಲ್ಲಿದ್ದದ್ದು ತಿದ್ದಿದ ಹೆಸರು. ಹುಡುಗನ ಪುಟದಲ್ಲಿದ್ದದ್ದು ಹಳೆಯ ಹೆಸರು. ಹೋಲಿಸಿದ ಪ್ರೋಗ್ರಾಮು, “ಓಹೋ, ಹೆಸರು ಬದಲಾಗಿದೆ, ಇವನೇ ಬದಲಿಸಿದ್ದಾನೆ” ಎಂದು ತೀರ್ಮಾನಿಸಿತು. ಏನೂ ಮಾಡದ ಹುಡುಗನ ತಲೆಗೆ ಬದಲಾವಣೆ ಕಟ್ಟಿ, ಬದಲಾವಣೆ ಮಾಡಿದ ತಾಯಿಯ ಕೆಲಸವನ್ನು ತಿರುಗಿಸಿ ಹಾಕಿತು. ಹೋಲಿಕೆಯೇನೋ ಸರಿಯಾಗಿಯೇ ನಡೆದಿತ್ತು. ಆದರೆ ಅದು ಹೋಲಿಸಿದ್ದು ತಪ್ಪು ನಕಲಿನೊಂದಿಗೆ.

ನನಗೆ ಅವತ್ತು ಹೊಳೆದದ್ದು ಇಷ್ಟು. ಏನು ಬದಲಾಯಿತು ಎಂದು ತಿಳಿಯಬೇಕಾದರೆ, ಆ ಮನುಷ್ಯ ಪುಟ ತೆರೆದಾಗ ಅವನ ಕಣ್ಣಿಗೆ ಏನು ಕಂಡಿತ್ತೋ ಅದಕ್ಕೇ ಹೋಲಿಸಬೇಕು. ಹಾಗಾಗಿ ಎರಡು ನಕಲು ಸಾಲದು, ಮೂರು ಬೇಕು. ಒಂದು, ಅವನು ಕಂಡದ್ದು. ಎರಡು, ಅವನು ಕಳುಹಿಸಿದ್ದು. ಮೂರು, ಈಗ ಕಡತದಲ್ಲಿರುವುದು. ಒಂದು ಮತ್ತು ಎರಡರ ನಡುವಿನ ವ್ಯತ್ಯಾಸ ಅವನು ಮಾಡಿದ ಕೆಲಸ. ಒಂದು ಮತ್ತು ಮೂರರ ನಡುವಿನ ವ್ಯತ್ಯಾಸ ಅಷ್ಟರಲ್ಲಿ ಬೇರೆಯವರು ಮಾಡಿದ ಕೆಲಸ. ಹುಡುಗ ಮುಟ್ಟಿದ್ದು ಫೋನು, ತಾಯಿ ಮುಟ್ಟಿಸಿದ್ದು ಹೆಸರು. ಎರಡಕ್ಕೂ ತಾಕಲಾಟವಿಲ್ಲ, ಫೋನನ್ನು ಮಾತ್ರ ಬರೆದರೆ ಎರಡೂ ಉಳಿಯುತ್ತವೆ. ಇಬ್ಬರೂ ಒಂದೇ ಗುಣವನ್ನು ಮುಟ್ಟಿದ್ದರೆ? ಆಗ ಯಂತ್ರ ತೀರ್ಪು ಕೊಡಬಾರದು. ನಿಲ್ಲಿಸಿ, ಎರಡನ್ನೂ ತೋರಿಸಿ, ಮನುಷ್ಯರನ್ನು ಕೇಳಬೇಕು.

ಇದನ್ನು ಯೋಚಿಸುತ್ತಿದ್ದಾಗ ತಾತನ ಊರಿನ ಜಮೀನಿನ ಪಹಣಿ ತೆಗೆಸಲು ತಾಲ್ಲೂಕು ಕಚೇರಿಗೆ ಅಲೆದದ್ದು ನೆನಪಾಯಿತು. ಜಮೀನಿನ ಯಜಮಾನ ತೀರಿಕೊಂಡರೆ ಅಥವಾ ಜಮೀನು ಮಾರಾಟವಾದರೆ ಯಾರೂ ನೇರವಾಗಿ ಪಹಣಿಯ ಮೇಲೆ ಹೊಸ ಹೆಸರು ಗೀಚುವಂತಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಹಕ್ಕು ಬದಲಾವಣೆಗೆ ಬೇರೆಯೇ ಒಂದು ರಿಜಿಸ್ಟರ್ ಇದೆ, ಮ್ಯುಟೇಶನ್ ರಿಜಿಸ್ಟರ್. ಯಾರ ಹೆಸರಿನಿಂದ ಯಾರ ಹೆಸರಿಗೆ, ಯಾವ ಆಧಾರದ ಮೇಲೆ ಎಂದು ಮೊದಲು ಅಲ್ಲಿ ಬರೆಯಬೇಕು. ಸಂಬಂಧಪಟ್ಟವರಿಗೆ ನೋಟಿಸ್ ಹೋಗಬೇಕು. ಆಕ್ಷೇಪಣೆಗೆ ಕಾಲಾವಕಾಶ ಇರಬೇಕು. ಆಮೇಲಷ್ಟೇ ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ಪಕ್ಕದಲ್ಲಿ ಎಂ.ಆರ್. ನಂಬರೂ ಕೂರುತ್ತದೆ. ಆ ನಂಬರು ಹಿಡಿದು ಹಿಂದಕ್ಕೆ ಹೋದರೆ ಮೊದಲು ಯಾರ ಹೆಸರಿತ್ತು ಎಂದು ಗೊತ್ತಾಗುತ್ತದೆ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಲೂ ಈ ಕ್ರಮವನ್ನು ಬಿಡಲಿಲ್ಲ. ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಎಂಬ ಏರ್ಪಾಡು ಸೇರಿಕೊಂಡಿತು. ಕಚೇರಿಗಳಲ್ಲಿ ಅಲೆದಾಟ, ಲಂಚ, ವಿಳಂಬ ಎಲ್ಲ ನಮಗೆ ಗೊತ್ತಿದ್ದದ್ದೇ. ಆದರೆ ಆ ಕ್ರಮದ ಹಿಂದಿನ ವಿವೇಕವನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಹೊಸದನ್ನು ಬರೆಯುವ ಮೊದಲು ಹಳೆಯದು ಏನಿತ್ತೆಂದು ಬರೆದಿಡು, ಬದಲಾಗುವುದು ಯಾವುದೆಂದು ನಾಲ್ಕು ಜನರಿಗೆ ತಿಳಿಸು ಎಂಬ ವಿವೇಕ ಅದು.

ನಮ್ಮ ಹಳೆಯ ನೋಟ್‌ಬುಕ್ಕಿನಲ್ಲೂ ಅದಿತ್ತು. ತಪ್ಪಾದ ಹೆಸರಿನ ಮೇಲೆ ಒಂದೇ ಗೆರೆ, ಹಳೆಯದು ಓದಲು ಸಿಗುವ ಹಾಗೆ. ಮೇಲೆ ಹೊಸ ಹೆಸರು, ಪಕ್ಕದಲ್ಲಿ ತಿದ್ದಿದವರ ಚಿಕ್ಕ ಸಹಿ. ಹದಿನೈದು ವರ್ಷ ಕಂಪ್ಯೂಟರಿನ ಮುಂದೆ ಕೂತ ನಾನು ಎರಡು ಭಾನುವಾರದಲ್ಲಿ ಆ ನೋಟ್‌ಬುಕ್ಕನ್ನು ‘ಸುಧಾರಿಸಿ’, ಆ ಗೆರೆಯನ್ನೂ ಸಹಿಯನ್ನೂ ಕಿತ್ತುಹಾಕಿದ್ದೆ.

ಮೂರು ನಕಲಿನ ಉಪಾಯ ಹಾಕಿದ ಮೇಲೂ ಪಾಠಗಳು ಮುಗಿಯಲಿಲ್ಲ. ಮೊದಲನೆಯದು, ‘ಬದಲಾಗಿದೆ’ ಎಂದು ಯಂತ್ರ ಹೇಳಿದ್ದೆಲ್ಲ ಬದಲಾವಣೆಯಲ್ಲ. ಖಾಲಿ ಬಿಟ್ಟ ಜಾಗವನ್ನು ಒಂದು ಕಡೆ ‘ಏನೂ ಇಲ್ಲ’ ಎಂದೂ ಇನ್ನೊಂದು ಕಡೆ ‘ಖಾಲಿ ಅಕ್ಷರಮಾಲೆ’ ಎಂದೂ ಇಟ್ಟರೆ, ಯಾರೂ ಮುಟ್ಟದಿದ್ದರೂ ವ್ಯತ್ಯಾಸ ಕಾಣುತ್ತದೆ. ಹೆಸರಿನ ಕೊನೆಯಲ್ಲಿ ಬೆರಳು ತಾಗಿ ಬಿದ್ದ ಒಂದು ತೆರವೂ ಬದಲಾವಣೆಯಾಗುತ್ತದೆ. ಕನ್ನಡದಲ್ಲಂತೂ ಇನ್ನೊಂದು ಸೋಜಿಗ. ನಮ್ಮ ಪಕ್ಕದ ಕೊತ್ತನೂರಿನ ಮೊದಲ ಅಕ್ಷರವನ್ನೇ ನೋಡಿ. ಯೂನಿಕೋಡಿನಲ್ಲಿ ‘ಕೊ’ ಎಂಬುದನ್ನು ‘ಕ’ಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಂದು ಫೋನಿನಿಂದ ಬರೆದದ್ದನ್ನು ಇನ್ನೊಂದು ಕಡೆಯಿಂದ ಬಂದದ್ದಕ್ಕೆ ಹೋಲಿಸಿದರೆ, ಬದಲಾಗದ ಊರು ಬದಲಾದಂತೆ ತೋರಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ಯೂನಿಕೋಡಿನಲ್ಲೇ ನಿಯಮವಿದೆ, ನಾನು ಬಳಸಿರಲಿಲ್ಲ ಅಷ್ಟೆ.

ಎರಡನೆಯದು ಇದರ ತಿರುವು. ನಿಜವಾಗಿ ಬದಲಾದದ್ದು ಕಾಣದೆ ಹೋಗುವುದು. ಒಬ್ಬ ವಿದ್ಯಾರ್ಥಿಯ ಕಾಗದಪತ್ರಗಳ ಪಟ್ಟಿಯನ್ನು ‘ಹಳೆಯ ನಕಲು’ ಎಂದು ತೆಗೆದಿಟ್ಟಿದ್ದೆ. ಪಟ್ಟಿಗೆ ಹೊಸದೊಂದು ಕಾಗದ ಸೇರಿಸಿ ಹೋಲಿಸಿದರೆ ಯಂತ್ರ “ಏನೂ ಬದಲಾಗಿಲ್ಲ” ಎಂದಿತು. ನಾನು ನಕಲು ಎಂದು ಇಟ್ಟುಕೊಂಡದ್ದು ನಿಜವಾದ ನಕಲಾಗಿರಲಿಲ್ಲ, ಅದೇ ಪಟ್ಟಿಯ ಕಡೆಗೆ ಚಾಚಿದ ಇನ್ನೊಂದು ಬೆರಳು. ಹೊಸದು ಬದಲಾದಾಗ ಹಳೆಯದೂ ಜೊತೆಯಲ್ಲೇ ಬದಲಾಗಿತ್ತು. ಹಳೆಯದನ್ನು ಬೇರೆಯಾಗಿ, ಮುಟ್ಟದ ಹಾಗೆ ಇಡದಿದ್ದರೆ ಅದು ಸಾಕ್ಷಿ ಹೇಳಲಾರದು.

ಮೂರನೆಯದು, ಕೆಲವು ಗುಣಗಳು ಜೋಡಿಯಾಗಿ ಬದುಕುತ್ತವೆ. ಅರೇಬಿಕ್ ಕಾಲೇಜು ಅಂಚೆಯ ಪಿನ್ ಕೋಡ್ 560045, ಕೊತ್ತನೂರಿನದು 560077. ಬಾಡಿಗೆ ಮನೆ ಬದಲಿಸುವ ಕುಟುಂಬಗಳು ಈ ಎರಡರ ನಡುವೆ ಓಡಾಡುತ್ತಲೇ ಇರುತ್ತವೆ. ಒಬ್ಬರು ಬೀದಿಯ ಹೆಸರನ್ನು ಹೊಸದಾಗಿ ಹಾಕಿ, ಇನ್ನೊಬ್ಬರು ಅದೇ ಹೊತ್ತಿಗೆ ಹಳೆಯ ಬೀದಿಗೆ ಸರಿಯಾಗಿ ಪಿನ್ ಕೋಡ್ ತಿದ್ದಿದರೆ, ಬೇರೆ ಬೇರೆ ಗುಣಗಳೆಂದು ಯಂತ್ರ ಎರಡನ್ನೂ ಒಪ್ಪಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಎಲ್ಲಿಯೂ ಇಲ್ಲದ ಒಂದು ವಿಳಾಸ. ಆದ್ದರಿಂದ ಇಂಥವನ್ನು ಒಂದೇ ಗಂಟಾಗಿ ಹೋಲಿಸಬೇಕು.

ನಾಲ್ಕನೆಯದು, ಹೋಲಿಸುವುದಕ್ಕೂ ಬರೆಯುವುದಕ್ಕೂ ನಡುವಿನ ಒಂದು ಕ್ಷಣ. ಆ ಕ್ಷಣದಲ್ಲೇ ಇನ್ನೊಬ್ಬರು ನುಸುಳಿದರೆ? ಇದಕ್ಕೆ ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಪ್ರತಿ ಸಲ ಉಳಿಸಿದಾಗಲೂ ಅದನ್ನು ಒಂದು ಏರಿಸುತ್ತಾರೆ. “ಸಂಖ್ಯೆ ನಾನು ನೋಡಿದಾಗ 7 ಇತ್ತು, ಈಗಲೂ 7 ಇದ್ದರೆ ಮಾತ್ರ ಬರೆ” ಎಂದು ಒಂದೇ ಉಸಿರಿನಲ್ಲಿ ಹೇಳಬೇಕು. 8 ಆಗಿದ್ದರೆ ಒಂದೂ ಸಾಲು ಬದಲಾಗುವುದಿಲ್ಲ. ಆಗ ಮತ್ತೆ ಓದಿ, ಮತ್ತೆ ಹೋಲಿಸಬೇಕು. ಹೈಬರ್ನೇಟಿನಲ್ಲಿ ಇದು ಸಿದ್ಧವಾಗಿಯೇ ಸಿಗುತ್ತದೆ, ಜ್ಯಾಂಗೊದಲ್ಲಿ ನಾನೇ ಬರೆದುಕೊಂಡೆ. ಇನ್ನೊಂದು ಹಿಂಬಾಗಿಲನ್ನೂ ಹೇಳಿಬಿಡುತ್ತೇನೆ. ಜ್ಯಾಂಗೊದಲ್ಲಿ ಒಟ್ಟಿಗೆ ನೂರು ಸಾಲುಗಳನ್ನು ಒಂದೇ ಆಜ್ಞೆಯಲ್ಲಿ ಬದಲಿಸುವ ದಾರಿಯಿದೆ. ಆ ದಾರಿಯಲ್ಲಿ ಹೋದರೆ ‘ಉಳಿಸು’ ಎಂಬ ಬಾಗಿಲಲ್ಲಿ ನಾವು ನಿಲ್ಲಿಸಿದ ಕಾವಲುಗಾರ ಎದುರಾಗುವುದೇ ಇಲ್ಲ. ಕಾವಲು ಇದೆ ಎಂಬ ಧೈರ್ಯದಲ್ಲಿ ಹಿಂಬಾಗಿಲನ್ನು ಮರೆಯಬಾರದು.

ಇಷ್ಟೆಲ್ಲ ಬರೆಯುತ್ತಿರುವುದು ನನ್ನ ಜಾಣತನ ತೋರಿಸಲು ಅಲ್ಲ. ಇದರಲ್ಲಿ ಯಾವುದೂ ಹೊಸದಲ್ಲ. ಒಬ್ಬರ ತಿದ್ದುಪಡಿಯ ಮೇಲೆ ಇನ್ನೊಬ್ಬರು ಅರಿಯದೆ ಬರೆದುಬಿಡುವುದಕ್ಕೆ ‘ಕಳೆದುಹೋದ ತಿದ್ದುಪಡಿ’ ಎಂಬ ಅರ್ಥದ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲೇ ಇದೆ. ಏನೇನು ಬದಲಾಯಿತು ಎಂದು ಲೆಕ್ಕ ಇಟ್ಟು ಕೊನೆಗೆ ಒಟ್ಟಿಗೆ ಬರೆಯುವ ಕ್ರಮವನ್ನು ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ನಾನು ಓದಿದ್ದೆ, ಸಂದರ್ಶನಗಳಲ್ಲಿ ಹುಡುಗರನ್ನು ಕೇಳಿಯೂ ಇದ್ದೆ. ಕಚೇರಿಯಲ್ಲಿ ದೊಡ್ಡವರ ಹಣದ ಕೆಲಸ ಮಾಡುವಾಗ ಈ ಎಲ್ಲ ಕಾವಲುಗಳನ್ನೂ ಇಡುತ್ತಿದ್ದೆ. ಓಣಿಯ ಬಡ ಮಕ್ಕಳ ಕೆಲಸಕ್ಕೆ, “ಇದು ಚಿಕ್ಕದು, ಇಷ್ಟು ಸಾಕು” ಎಂದುಕೊಂಡೆ. ನಾಚಿಕೆಯಾಗಬೇಕಾದದ್ದು ಇದಕ್ಕೇ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಎರಡೂ ನಕಲುಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿದ್ದೆ. ತಾಯಿ ಬಾಗಿಲಲ್ಲೇ ಇದ್ದರು. ಹೇಳಬೇಕಾದದ್ದನ್ನು ಹೇಳಿದೆ. “ನೀವು ಬಂದಿದ್ದಿರಿ, ತಿದ್ದಿಸಿದ್ದಿರಿ. ಅಳಿಸಿದ್ದು ನನ್ನ ಪ್ರೋಗ್ರಾಮು. ತಪ್ಪಾಯಿತು.” ಅವರು ಕಾಗದಗಳನ್ನು ಕೈಗೆ ತೆಗೆದುಕೊಂಡು, ಒಳಗಿದ್ದ ಮಗಳನ್ನು ಕರೆದು ಅವಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಚೆಕ್ಕಿನದು ಇರಲಿ ಭಾಯಿ. ನಿನ್ನೆ ರಾತ್ರಿ ಇವಳು ನನ್ನನ್ನು ಮೂರು ಸಲ ಕೇಳಿದಳು, ‘ಅಮ್ಮೀ, ನೀನು ನಿಜವಾಗಲೂ ಹೋಗಿದ್ದೆಯಾ?’ ಅಂತ.”

ಅಷ್ಟು ಹೊತ್ತಿಗೆ ಅವರು ಕಿವಿಯ ಓಲೆ ಗಿರವಿ ಇಟ್ಟು ಶುಲ್ಕಕ್ಕೆ ಹಣ ಹೊಂದಿಸಿಬಿಟ್ಟಿದ್ದರು. ಸೀಟು ಉಳಿಯಿತು. ಹೊಸ ಚೆಕ್ಕು ಬಂದ ಮೇಲೆ ಓಲೆ ಬಿಡಿಸಿಕೊಂಡರು, ಬಡ್ಡಿಯನ್ನು ನಾನು ಕೊಟ್ಟೆ. ಹಣದ ಲೆಕ್ಕ ಹೀಗೆ ಸರಿಹೋಯಿತು. ಆದರೆ ತಾಯಿಯ ಮಾತನ್ನು ಮಗಳು ಅನುಮಾನಿಸಿದ ಆ ರಾತ್ರಿಗೆ ನಾನು ಏನು ಕೊಡಲಿ?

ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ನಂಬುವ ಕಾಲ ಇದು. ಪಡಿತರ ಚೀಟಿ, ಮತದಾರರ ಪಟ್ಟಿ, ಖಾತೆ, ಅಂಕಪಟ್ಟಿ ಎಲ್ಲವೂ ಯಾವುದೋ ಕೋಷ್ಟಕದ ಒಂದು ಸಾಲು. ನಮ್ಮ ತಣಿಸಂದ್ರವೇ ನನ್ನ ಕಣ್ಣ ಮುಂದೆ ಹಳ್ಳಿಯಿಂದ ನಗರವಾಯಿತು. ನಗರಕ್ಕೆ 2014ರಲ್ಲಿ ಅಧಿಕೃತವಾಗಿ ಬೆಂಗಳೂರು ಎಂಬ ಹೆಸರು ಇಂಗ್ಲಿಷಿನಲ್ಲೂ ಬಂತು. 2007ರಲ್ಲಿ ರೂಪುಗೊಂಡ ಬೃಹತ್ ಮಹಾನಗರ ಪಾಲಿಕೆ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಪ್ರತಿ ಸಲವೂ ಎಲ್ಲೋ ಒಂದು ಪ್ರೋಗ್ರಾಮು ಲಕ್ಷಾಂತರ ಸಾಲುಗಳನ್ನು ತೆರೆದು, ಏನನ್ನೋ ಬದಲಿಸಿ, ಮತ್ತೆ ಮುಚ್ಚುತ್ತದೆ. ಬದಲಿಸಬೇಕಾದದ್ದನ್ನು ಮಾತ್ರ ಬದಲಿಸಿತೇ? ಜೊತೆಗೆ ಯಾರದೋ ತಂದೆಯ ಹೆಸರಿನ ಒಂದು ಅಕ್ಷರವನ್ನೂ ಹಿಂದಕ್ಕೆ ತಳ್ಳಿತೇ? ಹಳೆಯದು ಏನಿತ್ತು ಎಂದು ಬರೆದಿಟ್ಟವರಿದ್ದರೆ ಉತ್ತರ ಸಿಗುತ್ತದೆ. ಇಲ್ಲದಿದ್ದರೆ ಕಿಟಕಿಯ ಈಚೆ ನಿಂತವರೇ ಸುಳ್ಳರಾಗುತ್ತಾರೆ. ಕೆಲಸಕ್ಕೆ ಸೇರುವ ಹೊಸ ಹುಡುಗ ಹುಡುಗಿಯರಿಗೆ ನಾನು ಈಗ ಹೇಳುವುದು ಇಷ್ಟೇ. ನೀವು ಬರೆಯುವ ಪ್ರೋಗ್ರಾಮು ಯಾರ ಮಾತಿಗೆ ಎದುರು ಸಾಕ್ಷಿ ನುಡಿಯಬಲ್ಲದು ಎಂದು ಒಮ್ಮೆ ಯೋಚಿಸಿ.

ನಮ್ಮ ಆ ಸಣ್ಣ ಪ್ರೋಗ್ರಾಮಿನಲ್ಲಿ ಈಗ ಉಳಿಸುವ ಮೊದಲು ಒಂದು ಪುಟ ಬರುತ್ತದೆ. ಎಡಕ್ಕೆ ಮೊದಲು ಇದ್ದದ್ದು, ಬಲಕ್ಕೆ ಈಗ ಆಗುವುದು, ಬದಲಾದ ಸಾಲುಗಳು ಮಾತ್ರ. ಮುಂದೆ ಕೂತವರಿಗೆ ಅದನ್ನು ಓದಿ ಹೇಳಿ, “ಸರಿಯೇ?” ಎಂದು ಕೇಳಿದ ಮೇಲೆ ಒತ್ತಬೇಕು. ಒತ್ತಿದವರ ಹೆಸರು, ಹೊತ್ತು, ಹಳೆಯ ಬೆಲೆ, ಹೊಸ ಬೆಲೆ ಬೇರೊಂದು ಕೋಷ್ಟಕದಲ್ಲಿ ಕೂರುತ್ತದೆ, ಅದನ್ನು ತಿದ್ದಲು ಯಾರಿಗೂ ಅವಕಾಶವಿಲ್ಲ, ನನಗೂ ಇಲ್ಲ. ಬಂದವರ ಕೈಗೆ ಒಂದು ಚೀಟಿಯೂ ಹೋಗುತ್ತದೆ.

ಮರು ವರ್ಷ ಆ ತಾಯಿ ಫೋನ್ ನಂಬರು ಬದಲಿಸಲು ಬಂದಿದ್ದರು. ಹುಡುಗ ಓದಿ ಹೇಳಿದ: “ಬದಲಾಗುವುದು ಫೋನ್ ನಂಬರು ಒಂದೇ, ಆಪಾ.” ಅವರು ಅಷ್ಟಕ್ಕೆ ಏಳಲಿಲ್ಲ. “ಹೆಸರು?” ಎಂದರು. “ಹೆಸರು ಮುಟ್ಟಿಲ್ಲ” ಎಂದ. ಚೀಟಿ ತೆಗೆದುಕೊಂಡು ಎರಡು ಸಲ ಓದಿ, ಮಡಿಸಿ ಪರ್ಸಿಗೆ ಹಾಕಿಕೊಂಡು ಹೋದರು.